ಮಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರೇ, ಗೋಡೆಯನ್ನು ಆಟಿ ತಿಂಗಳಲ್ಲಿ ನೋಡಿ

ಬಿಜೈ, ಕದ್ರಿ, ಬೆಂದೂರ್‌ವೆಲ್ ಕಡೆ ಎತ್ತರದ ಕಟ್ಟಡಗಳು ಸಾಲಾಗಿ ಏಳುತ್ತಿವೆ. ಕೊಂಡವರಿಗೆ ಮಳೆಗೆ ಮೊದಲೇ ಮನೆಯೊಕ್ಕಲು ಮುಗಿಸುವ ಅವಸರ, ಬಿಲ್ಡರಿಗೂ ಅದೇ ಅನುಕೂಲ. ಅಂಥ ಒಂದು ಕಟ್ಟಡದಲ್ಲಿ ಏಪ್ರಿಲ್‌ನಲ್ಲಿ ಕೀ ಕೊಟ್ಟರು. ಜೂನ್ ಮುಗಿಯುವಷ್ಟರಲ್ಲಿ ಪಶ್ಚಿಮದ ಬೆಡ್‌ರೂಮುಗಳಲ್ಲಿ ಪುಟ್ಟಿ ಉಬ್ಬಿ ಉದುರಿತು, ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳಲ್ಲಿ, ವಾರ್ಡ್‌ರೋಬ್ ಹಿಂದೆಲ್ಲ ಬೂಷ್ಟು. ದೂರು ಹೋದಾಗ ಸಿಕ್ಕಿದ್ದು ಒಳಗಿನಿಂದ ಇನ್ನೊಂದು ಕೋಟ್ ಬಣ್ಣ, ಅದೂ ಒದ್ದೆ ಗೋಡೆಯ ಮೇಲೆ. ಮೂರು ವಾರವೂ ನಿಲ್ಲಲಿಲ್ಲ.

ನೀರು ನುಗ್ಗಿದ್ದು ಬೀಮಿನ ಅಡಿಗೆ ಬ್ಲಾಕ್ ಗೋಡೆ ಸೇರುವ ಗೆರೆಯಲ್ಲಿ. ಕೊನೆಯ ಸಾಲನ್ನು ಕೆಲವು ದಿನ ಬಿಟ್ಟು, ಕೆಳಗಿನ ಗಾರೆ ಕುಗ್ಗಿದ ಮೇಲೆ ಕಟ್ಟಬೇಕು. ಒಂದೇ ದಮ್ಮಿಗೆ ಬೀಮಿನವರೆಗೆ ಏರಿಸಿದರೆ ಆ ಸಂದಿನಲ್ಲಿ ಕೂದಲೆಳೆಯ ಬಿರುಕು ಖಂಡಿತ. ಅದರ ಮೇಲೆ ಮೆಶ್ (ಜಾಲರಿ) ಹೊಡೆಯದೆ ಪ್ಲಾಸ್ಟರ್ ಬಳಿದಿದ್ದರು. ನಮ್ಮ ಮುಂಗಾರು ಗಾಳಿಯೊಡನೆ ಅಡ್ಡಡ್ಡ ಹೊಡೆಯುತ್ತದೆ, ಮೇಲಿನ ಮಹಡಿಗಳಲ್ಲಿ ಇನ್ನೂ ಜೋರು. ಸಾಲದ್ದಕ್ಕೆ ಕಿಟಕಿಯ ಸಿಲ್ (ಕೆಳಗಿನ ಅಂಚು) ಒಳಕ್ಕೆ ಇಳಿಜಾರಾಗಿತ್ತು, ಅಲ್ಯುಮಿನಿಯಂ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ತೂತುಗಳನ್ನು ಸಿಲಿಕೋನ್ ಮೆತ್ತಿ ಮುಚ್ಚಿದ್ದರು!

ಸೋರಿಕೆ ಕಣ್ಣಿಗೆ ಕಾಣುತ್ತದೆ, ಕಂಬಿಯ ತುಕ್ಕು ಕಾಣುವಾಗ ತಡವಾಗಿರುತ್ತದೆ. ಕಡಲ ಗಾಳಿಗೆ ತೆರೆದುಕೊಂಡ ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟಿಗೆ) ಭಾರತೀಯ ಮಾನಕ ಐಎಸ್ 456 ಹೇಳುವುದು ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರ ಅಂದರೆ ಕವರ್ 45 ಮಿ.ಮೀ., ನೀರು-ಸಿಮೆಂಟ್ ಅನುಪಾತ 0.45ರ ಒಳಗೆ. ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ದಾಟಬಾರದು, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಪರೀಕ್ಷಾ ವರದಿ ಕೇಳಿ. ಸೈಟಿಗೆ ಹೋದಾಗ ಸ್ಲ್ಯಾಬಿನ ಕಂಬಿಯಡಿ ಕವರ್ ಬ್ಲಾಕ್ ಇದೆಯೋ, ಜಲ್ಲಿ ಚೂರು ತುರುಕಿದ್ದಾರೋ ಬಗ್ಗಿ ನೋಡಿ. ಕಟ್ಟಡ ಮುಗಿದಿದ್ದರೆ ಸಜ್ಜಾ ಮತ್ತು ಬಾಲ್ಕನಿಯ ಅಂಚಿನಡಿ ಕಂದು ಗೆರೆ ಹುಡುಕಿ; ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಮೊದಲು ಒಡೆಯುವುದು ಇಂಥಲ್ಲೇ.

ಜುಲೈವರೆಗೆ ಕಾಯಲು ಆಗದಿದ್ದರೆ ಪಶ್ಚಿಮದ ಕಿಟಕಿ ಮತ್ತು ಗೋಡೆಗೆ ಹೊರಗಿನಿಂದ ಪೈಪಿನಲ್ಲಿ ಅರ್ಧ ಗಂಟೆ ನೀರು ಹೊಡೆಸಿ. ಮೇಲಿನ ಮನೆಯ ಟಾಯ್ಲೆಟ್‌ನಲ್ಲಿ 48 ಗಂಟೆ ನೀರು ನಿಲ್ಲಿಸಿ, ನಿಮ್ಮ ಸೀಲಿಂಗ್ ನೋಡಿ. ಫಾಲ್ಸ್ ಸೀಲಿಂಗ್ ಹಾಕುವ ಮೊದಲೇ ಇದು ಆಗಬೇಕು.

ಒಂದು ವರ್ಷ ಮಾತ್ರ ನಮ್ಮ ಹೊಣೆ ಎಂದು ಬಿಲ್ಡರ್ ಅಂದರೆ ಒಪ್ಪಬೇಡಿ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ಸೆಕ್ಷನ್ 14(3)ರಂತೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ತಿಳಿಸಿದ ರಚನೆ ಮತ್ತು ಕಾಮಗಾರಿಯ ದೋಷವನ್ನು ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಬೈದರೆ ಪ್ರಯೋಜನವಿಲ್ಲ. ತಾರೀಕು ಹಾಕಿದ ಫೋಟೋ ಸಹಿತ ಬಿಲ್ಡರಿಗೆ ಸ್ಪೀಡ್ ಪೋಸ್ಟಿನಲ್ಲಿ ದೂರು ಕಳಿಸಿ. ಬಿರುಕನ್ನು ಹೊರಗಿನಿಂದಲೇ, ಗೋಡೆ ಒಣಗಿದ ಮೇಲೆ ಬೇಸಿಗೆಯಲ್ಲಿ ತುಂಬುತ್ತೇವೆ ಎಂದು ಅವರಿಂದ ಬರೆಸಿಕೊಳ್ಳಿ.