ನ್ಯೂಯಾರ್ಕ್ ಮತದಾರರ ಕೈಪಿಡಿ: ಮಂಗಳೂರಿನಿಂದ ಓದಿದಾಗ

ಚುನಾವಣಾ ಪ್ರಚಾರದ ಹಣಕಾಸನ್ನು ನೋಡಿಕೊಳ್ಳುವ ನ್ಯೂಯಾರ್ಕ್ ನಗರದ ಸಂಸ್ಥೆ ಕ್ಯಾಂಪೇನ್ ಫೈನಾನ್ಸ್ ಬೋರ್ಡ್ ನಗರ ಚುನಾವಣೆಗಳಿಗೆ ಮುನ್ನ ನೋಂದಾಯಿತ ಮತದಾರರಿರುವ ಮನೆಗಳಿಗೆ ಅಂಚೆಯಲ್ಲಿ ಉಚಿತವಾಗಿ ‘ವೋಟರ್ ಗೈಡ್’ ಕಳುಹಿಸುತ್ತದೆ. 2025ರ ಮೇಯರ್ ಚುನಾವಣೆಯ ಕೈಪಿಡಿಯ ಕೊಂಡಿಯನ್ನು ಆ ನಗರದ ಕ್ವೀನ್ಸ್ ಭಾಗದಲ್ಲಿ ಮತದಾರನಾಗಿರುವ ಅಕ್ಕನ ಮಗ ಕಳುಹಿಸಿದ್ದರಿಂದ ಅದನ್ನು ಪೂರ್ತಿ ಓದಿದೆ. ಮತಗಟ್ಟೆಯ ಹೆಸರು, ಕ್ರಮಸಂಖ್ಯೆಗಳಿರುವ ಚೀಟಿ ಮತ್ತು ಕೈಮುಗಿದು ನಿಂತ ಅಭ್ಯರ್ಥಿಯ ಕರಪತ್ರವಷ್ಟೇ ಬಾಗಿಲಿಗೆ ಬರುವ ಮಂಗಳೂರಿನಲ್ಲಿ ಕುಳಿತವರಿಗೆ ಇಂತಹ ಸೇವೆ ಹಿಡಿಸದಿರುವುದು ಕಷ್ಟ.

ಇದರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಪ್ರಾಶಸ್ತ್ಯ ಮತದ ವಿವರಣೆ. ಪಕ್ಷವು ತನ್ನ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಮತದಾರನು ಐವರು ಅಭ್ಯರ್ಥಿಗಳವರೆಗೆ ಕ್ರಮಾಂಕ ಕೊಡಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯ ಸ್ಥಾನದಲ್ಲಿರುವವರನ್ನು ಕೈಬಿಟ್ಟು, ಅವರಿಗೆ ಬಂದ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸಲಾಗುತ್ತದೆ. 2019ರಲ್ಲಿ ಮತದಾರರೇ ಒಪ್ಪಿದ ಈ ಪದ್ಧತಿ ಮೇಯರ್ ಆಯ್ಕೆಗೆ ಮೊದಲು ಬಳಕೆಯಾದದ್ದು 2021ರಲ್ಲಿ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದ ನಮ್ಮವರಿಗೆ ಇದು ಹೊಸತಲ್ಲ, ಆದರೆ ಆ ಮತಪತ್ರವನ್ನು ತುಂಬುವ ಕ್ರಮವನ್ನು ಇಷ್ಟು ಸರಳವಾಗಿ ಇಲ್ಲಿ ಯಾರೂ ಮನೆಗೆ ಬರೆದು ಕಳುಹಿಸಿದ್ದಿಲ್ಲ. ನವೆಂಬರಿನ ಅಂತಿಮ ಚುನಾವಣೆಗೆ ಈ ಪದ್ಧತಿ ಅನ್ವಯಿಸುವುದಿಲ್ಲ. ಅಲ್ಲಿ ಒಬ್ಬರಿಗೆ ಒಂದೇ ಮತ.

ಅಭ್ಯರ್ಥಿಗಳ ಪುಟಗಳು ಮಾತ್ರ ಅಷ್ಟು ತೃಪ್ತಿ ಕೊಡಲಿಲ್ಲ. ಉದ್ಯೋಗ, ಶಿಕ್ಷಣ, ಅನುಭವ ಎಲ್ಲವೂ ಇವೆ, ಹೇಳಿಕೆ ಅಭ್ಯರ್ಥಿಯದೇ ಮಾತಿನಲ್ಲಿದೆ. ಅದನ್ನು ಮೇಯರ್ ಹುದ್ದೆಯ ಅಧಿಕಾರದೊಂದಿಗೆ ತಾಳೆ ಹಾಕಿ ನೋಡುವ ಹೊಣೆಯನ್ನು ಓದುಗನಿಗೇ ಬಿಡಲಾಗಿದೆ. ಗೆದ್ದ ಜೋಹ್ರಾನ್ ಮಮ್ದಾನಿಯವರ ಪ್ರಚಾರದ ಎರಡು ಭರವಸೆಗಳನ್ನೇ ನೋಡಿ: ಬಾಡಿಗೆ ಏರಿಕೆಗೆ ತಡೆ ಮತ್ತು ಉಚಿತ ಬಸ್ ಪ್ರಯಾಣ. ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಮನೆಗಳ ಬಾಡಿಗೆ ಏರಿಕೆಯನ್ನು ತೀರ್ಮಾನಿಸುವ ರೆಂಟ್ ಗೈಡ್‌ಲೈನ್ಸ್ ಬೋರ್ಡಿನ 9 ಸದಸ್ಯರನ್ನೂ ಮೇಯರ್ ನೇಮಿಸುವುದರಿಂದ ಬಾಡಿಗೆ ಏರಿಕೆಗೆ ತಡೆಯೊಡ್ಡುವುದು ಬಹುಮಟ್ಟಿಗೆ ಅವರ ಕೈಯಲ್ಲಿದೆ. ಬಸ್ಸಿನ ದರ ಹಾಗಲ್ಲ: ಅದನ್ನು ನಿಗದಿ ಮಾಡುವ ಸಾರಿಗೆ ಸಂಸ್ಥೆ ಎಂಟಿಎ ರಾಜ್ಯದ್ದಾದ್ದರಿಂದ ಉಚಿತ ಪ್ರಯಾಣಕ್ಕೆ ರಾಜ್ಯದ ರಾಜಧಾನಿ ಆಲ್ಬನಿಯ ಒಪ್ಪಿಗೆ ಬೇಕು. ಇಂತಹ ಎರಡು ಸಾಲು ಟಿಪ್ಪಣಿಯನ್ನು ಕ್ಯಾಂಪೇನ್ ಫೈನಾನ್ಸ್ ಬೋರ್ಡು ಕೈಪಿಡಿಗೆ ಸೇರಿಸಿದ್ದರೆ ಪಕ್ಷಪಾತವೇನೂ ಆಗುತ್ತಿರಲಿಲ್ಲ.

ಅಚ್ಚಿನ ಪ್ರತಿಗೆ ಇನ್ನೊಂದು ಮಿತಿಯಿದೆ: ಅಚ್ಚಾದ ಮೇಲಿನ ಬದಲಾವಣೆ ಅದರಲ್ಲಿ ಸೇರುವುದಿಲ್ಲ. ಆಗಿನ ಮೇಯರ್ ಎರಿಕ್ ಆಡಮ್ಸ್ ಸೆಪ್ಟೆಂಬರ್ ಕೊನೆಯಲ್ಲಿ ಕಣದಿಂದ ಸರಿದರೂ ಅವರ ಹೆಸರು ಮತಪತ್ರದಲ್ಲಿ ಉಳಿದಿತ್ತು. ಹೀಗಾಗಿ ಕೈಪಿಡಿಯೊಂದನ್ನೇ ನೆಚ್ಚದೆ ಪತ್ರಿಕೆಯನ್ನೂ ಓದಬೇಕು. ಮತದಾರರ ಒಪ್ಪಿಗೆಗೆ ಬಂದ ಪ್ರಸ್ತಾವಗಳ ಪರ ಮತ್ತು ವಿರೋಧ ವಾದಗಳನ್ನು ಜೊತೆಜೊತೆಯಾಗಿ ಕೊಟ್ಟಿರುವ ಭಾಗ ಮಾತ್ರ ಅಚ್ಚುಕಟ್ಟಾಗಿದೆ. ಅಚ್ಚಿನ ಪ್ರತಿ ಬಂಗಾಳಿಯಲ್ಲೂ ಸಿಗುತ್ತದೆ, ಕನ್ನಡದಲ್ಲಿಲ್ಲ; ತುಳುವಿಗೆ ಇಲ್ಲಿನ ಚುನಾವಣಾ ಕಾಗದಗಳಲ್ಲೇ ಜಾಗ ಸಿಗದಿರುವಾಗ ಅದಕ್ಕಾಗಿ ದೂರುವಂತಿಲ್ಲ.

ನಮ್ಮ ಪಾಲಿಕೆಯ ಮೇಯರನ್ನು ಕಾರ್ಪೊರೇಟರುಗಳು, ಶಾಸಕರು ಮತ್ತು ಸಂಸದರು ಮೀಸಲಾತಿಯ ಪ್ರಕಾರ ಒಂದು ವರ್ಷಕ್ಕೆ ಆರಿಸುವುದರಿಂದ ಆ ಹುದ್ದೆಗೆ ಇಂತಹ ಕೈಪಿಡಿ ಬೇಕಿಲ್ಲ. ಹಿಂದಿನ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದಿದೆ. ಮುಂದಿನ ಪಾಲಿಕೆ ಚುನಾವಣೆಗೆ 60 ವಾರ್ಡುಗಳಿಗೂ ನಾಲ್ಕು ಪುಟದ ಕನ್ನಡ ಪುಸ್ತಿಕೆಯೊಂದನ್ನು ಮತದಾರರ ಚೀಟಿಯ ಜೊತೆಗೇ ಕೊಡುವುದಾದರೆ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ನ್ಯೂಯಾರ್ಕಿನ ಕೈಪಿಡಿಗೆ ಐದರಲ್ಲಿ ನಾಲ್ಕು ಅಂಕ.