ಪಿಜಿ, ಕಾಲೇಜ್ ಹಾಸ್ಟೆಲ್, ಸಮಾಜದ ಹಾಸ್ಟೆಲ್: ಮೂರರಲ್ಲೂ ಇದ್ದು ನೋಡಿದ್ಮೇಲೆ

ತಮ್ಮಂಗೆ ಸಿಇಟೀಲಿ ಬೆಂಗಳೂರಲ್ಲೇ ಇಂಜಿನಿಯರಿಂಗ್ ಸೀಟ್ ಆಗಿದೆ, ಮನೇಲೀಗ ಬೆಳಗ್ಗೆ ಕಾಫಿಯಿಂದ ರಾತ್ರಿ ಊಟದವರೆಗೂ ಒಂದೇ ಮಾತು, ಇವನನ್ನ ಎಲ್ಲಿ ಬಿಡೋದು. ಅಮ್ಮಂಗೆ ಊಟದ ಚಿಂತೆ, ಅಪ್ಪಂಗೆ ದುಡ್ಡಿನ ಚಿಂತೆ, ಅವನಿಗೆ ವೈಫೈ ಚಿಂತೆ. ನಾನು 2023ರಲ್ಲಿ ಸೇರಿದವನು, ಅರಸೀಕೆರೆಯಿಂದ ಟ್ರೇನಲ್ಲಿ ಬಂದು ಒಂದೂವರೆ ವರ್ಷದೊಳಗೆ ಮೂರು ಕಡೆ ಗಂಟುಮೂಟೆ ಹೊತ್ತಿದೀನಿ, ಹಾಗಾಗಿ ಮನೇಲಿ ಈ ವಿಷ್ಯದಲ್ಲಿ ನಾನೇ ಪಂಡಿತ.

ಮೊದಲು ಪಿಜಿ. ನನಗೆ ಸೀಟ್ ಆಗಿದ್ದೇ ಎರಡನೇ ರೌಂಡಲ್ಲಿ, ಅಷ್ಟೊತ್ತಿಗೆ ಕಾಲೇಜ್ ಹಾಸ್ಟೆಲ್ ಫುಲ್. ಟೂ ಶೇರಿಂಗ್ ತಿಂಗಳಿಗೆ 8,500, ಅಡ್ವಾನ್ಸ್ 10,000, ಬಿಡುವಾಗ ಪೇಂಟಿಂಗ್ ಅಂತ ಅದ್ರಲ್ಲಿ 2,500 ಮುರ್ಕೊಂಡ್ರು, ಆ ಗೋಡೆಗೆ ಇವತ್ತಿಗೂ ಪೇಂಟ್ ಆಗಿಲ್ಲ ಬಿಡಿ. ರೂಮ್‌ಮೇಟ್ ನೈಟ್ ಶಿಫ್ಟ್ ಮಾಡೋರು, ನನಗಿಂತ ಒಂಬತ್ತು ವರ್ಷ ದೊಡ್ಡವರು, ಬೆಳಗ್ಗೆ ಐದಕ್ಕೆ ಬಂದು ಮಧ್ಯಾಹ್ನ ಎರಡರವರೆಗೆ ಮಲಗೋರು. ಸಂಜೆ ಅವರು ಹೋದ್ಮೇಲೆ ರೂಮೆಲ್ಲ ನಂದೇ. ಗಲಾಟೆ ಇಲ್ಲ, ಯಾರೂ ಬಾಗಿಲು ತಟ್ಟಲ್ಲ. ಓದೋದಕ್ಕೆ ಇದಕ್ಕಿಂತ ಬೇಕಾ ಅನ್ಕೊಂಡಿದ್ದೆ. ಫಸ್ಟ್ ಸೆಮ್ ಎಸ್‌ಜಿಪಿಎ ಹತ್ತಕ್ಕೆ ಬಂದಿದ್ದು 6.9.

ಯಾಕೆ ಅಂತ ಆವಾಗ ಗೊತ್ತಾಗ್ಲಿಲ್ಲ. ಆ ಪಿಜೀಲಿ ರಾತ್ರಿ ಊಟ ಹೇಗೆ ನಡೀತಿತ್ತು ಅಂದ್ರೆ, ಬೇಸ್‌ಮೆಂಟಲ್ಲಿ ಅನ್ನ, ಪಪ್ಪು, ಒಂದು ಪಲ್ಯ ಇಟ್ಟಿರೋರು, ಎಲ್ಲರೂ ಸ್ಟೀಲ್ ತಟ್ಟೆಗೆ ಬಡಿಸ್ಕೊಂಡು ಲಿಫ್ಟಲ್ಲಿ ಮೇಲೆ ಹೋಗಿ ಮಂಚದ ಮೇಲೆ ಕೂತು ಫೋನ್ ನೋಡ್ತಾ ತಿನ್ನೋರು. ಬೆಳಗ್ಗೆ ಎದ್ರೆ ಕಾರಿಡಾರಲ್ಲಿ ಬಾಗಿಲಿಗೊಂದು ತಟ್ಟೆ, ಒಣಗಿದ ಪಪ್ಪು, ಇರುವೆ ಸಾಲು. ಐದು ತಿಂಗಳು ಪಕ್ಕದ ರೂಮವರ ತಟ್ಟೆ ನೋಡಿದೀನಿ, ಮುಖ ಸರಿಯಾಗಿ ನೋಡಿಲ್ಲ. ಗ್ರಾಫಿಕ್ಸಲ್ಲಿ ವಸ್ತುವನ್ನ ಓರೆಯಾಗಿ ಬರೆಯೋ ಐಸೊಮೆಟ್ರಿಕ್ ಪ್ರೊಜೆಕ್ಷನ್ ತಲೆಗೆ ಹತ್ತದೆ ಯೂಟ್ಯೂಬಲ್ಲಿ ನಲವತ್ತು ನಿಮಿಷದ ವಿಡಿಯೋ ಮೂರು ಸಲ ನೋಡಿದ್ದೆ, ಆಮೇಲೆ ಹಾಸ್ಟೆಲ್ ಹುಡುಗ ಒಬ್ಬ ಕ್ಯಾಂಟೀನ್ ಟೇಬಲ್ ಮೇಲೆ ಬೆಂಕಿಪೊಟ್ಟಣ ಓರೆಯಾಗಿಟ್ಟು ಎರಡೇ ನಿಮಿಷದಲ್ಲಿ ತೋರಿಸ್ದ. ನಮ್ಮ ಯೂನಿವರ್ಸಿಟಿ ವಿಟಿಯುನಲ್ಲಿ ಒಂದು ಸಬ್ಜೆಕ್ಟಿನ ನೂರು ಮಾರ್ಕ್ಸಲ್ಲಿ 50 ಕಾಲೇಜೊಳಗೇ ಕೊಡೋದು, ಅದ್ರಲ್ಲಿ 20 ಬರದಿದ್ರೆ ಎಕ್ಸಾಮಿಗೇ ಕೂರೋ ಹಾಗಿಲ್ಲ. ಅಸೈನ್‌ಮೆಂಟ್ ಡೇಟ್ ಮುಂದಕ್ಕೆ ಹೋಯ್ತು, ಈ ಮೇಷ್ಟ್ರು ಹೋದ ವರ್ಷದ ಕ್ವೆಶ್ಚನ್ನನ್ನೇ ತಿರುಗಿಸಿ ಕೊಡ್ತಾರೆ, ಇಂಥವೆಲ್ಲ ಹಾಸ್ಟೆಲ್ ಹುಡುಗರಿಗೆ ರಾತ್ರಿ ಊಟದ ಹೊತ್ತಿಗೇ ಗೊತ್ತಾಗಿರೋದು, ನನಗೆ ಮಾರನೇ ದಿನ ಲ್ಯಾಬ್ ಮುಗಿದ್ಮೇಲೆ.

2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆಯ್ತಲ್ಲ, ನಮ್ಮ ಪಿಜಿ ಬೋರೂ ಒಣಗೋಯ್ತು. ಬೆಳಗ್ಗೆ ಆರರಿಂದ ಏಳೂವರೆ ಮಾತ್ರ ನೀರು ಅಂತ ಓನರ್ ಅಂಕಲ್ ವಾಟ್ಸಾಪಲ್ಲಿ ಹಾಕಿದ್ರು, ತಟ್ಟೆ ತೊಳೆಯೋಕೆ ನೀರಿಲ್ಲ ಅಂತ ಪೇಪರ್ ಪ್ಲೇಟ್ ಬಂತು. ಅದೇ ವಾರ ಹಾಸ್ಟೆಲಲ್ಲಿ ಒಬ್ಬ ಸೀಟ್ ಬಿಟ್ಟು ಊರಿಗೆ ಹೋದ, ಅಪ್ಪಂಗೆ ಫೋನ್ ಮಾಡಿ ಅರ್ಧ ವರ್ಷದ ಫೀಸ್ ಕಟ್ಟಿಸ್ಕೊಂಡೆ.

ಹಾಸ್ಟೆಲ್ ಪೂರ್ತಿ ಉಲ್ಟಾ. ರೂಮಿಗೆ ನಾಲ್ಕು ಜನ, ನಾನು, ಕೋಲಾರದವನೊಬ್ಬ, ಕಲಬುರಗಿಯವನೊಬ್ಬ, ಪಟ್ನಾದವನೊಬ್ಬ. ಬಾಗಿಲು ಹಾಕ್ಕೊಳ್ಳದ ಹಾಗೆ ಯಾರೋ ಮಹಾನುಭಾವ ಇಟ್ಟಿಗೆ ಒತ್ತಿಟ್ಟಿದ್ದ, ನಾನು ಇರೋವರೆಗೂ ಅದು ಕದಲಿಲ್ಲ. ಫಸ್ಟ್ ಇಯರ್‌ನವರಿಗೆ ಬೇರೆ ಬ್ಲಾಕು, ಯುಜಿಸಿಯ 2009ರ ರ‍್ಯಾಗಿಂಗ್ ರೂಲ್ಸಲ್ಲೇ ಅದಿದೆ, ಹಾಸ್ಟೆಲ್ ನೋಡೋಕೆ ಹೋದಾಗ ಇದನ್ನ ಬಾಯ್ಬಿಟ್ಟು ಕೇಳಿ. ಪಟ್ನಾದವನಿಗೆ ಕನ್ನಡ ಬಾರದವರಿಗಿರೋ ಬಳಕೆ ಕನ್ನಡ ಪೇಪರ್ ಇತ್ತು, ನಾನು ಅವನಿಗೆ ‘ನಾನು ಬರುತ್ತೇನೆ, ನೀನು ಬರುತ್ತೀಯ’ ಹೇಳ್ಕೊಡೋದು, ಅವನು ನನಗೆ ಸಿ ಪ್ರೋಗ್ರಾಮಿಂಗಲ್ಲಿ ಪಾಯಿಂಟರ್ ಹೇಳ್ಕೊಡೋದು, ಹಿಂಗೇ ವ್ಯಾಪಾರ ನಡೀತಿತ್ತು. ಕಲಬುರಗಿಯವನು ಮಾತ್ರ ನಿಮ್ಮದು ಪುಸ್ತಕದ ಕನ್ನಡಲೇ ಅಂತ ಇಬ್ರಿಗೂ ಬೈಯೋನು.

ಕೆಟ್ಟದ್ದನ್ನೂ ಹೇಳ್ಬೇಕು. ರಾತ್ರಿ ಒಂಬತ್ತರಿಂದ ಹನ್ನೊಂದು ಅಲ್ಲಿ ಪುಸ್ತಕ ತೆಗೆದವನಿಲ್ಲ. ಮೇ 18, ಶನಿವಾರ, ಆರ್‌ಸಿಬಿ ಸಿಎಸ್‌ಕೆ ಮ್ಯಾಚು, ಸೋಮವಾರ ನಮಗೆ ಇಂಟರ್ನಲ್ಸ್. ಬರೀ ಗೆದ್ರೆ ಸಾಲದು, ಪ್ಲೇಆಫಿಗೆ ಹೋಗೋಕೆ 18 ರನ್ನಲ್ಲಿ ಗೆಲ್ಲಬೇಕು. ಮಳೆ ಬಂದು ನಿಂತು ಮತ್ತೆ ಶುರುವಾಗಿ ಲಾಸ್ಟ್ ಓವರ್ ಬರೋ ಹೊತ್ತಿಗೆ ಮಧ್ಯರಾತ್ರಿ, ಟಿವಿ ಹಾಲಲ್ಲಿ ಕಿಟಕಿ ಮೇಲೆಲ್ಲ ಹುಡುಗರು. ಯಶ್ ದಯಾಳ್ ಮೊದಲನೇ ಬಾಲಿಗೇ ಧೋನಿ ಸಿಕ್ಸ್ ಎತ್ತಿದಾಗ ಹಾಲ್ ಸತ್ತ ಮನೆ ಥರ ಆಯ್ತು, ಎರಡನೇ ಬಾಲಿಗೆ ಧೋನಿ ಔಟ್, ಅಷ್ಟೇ, ಆಮೇಲಿಂದು ಏನೂ ಕೇಳಿಸ್ಲಿಲ್ಲ. 27 ರನ್ನಲ್ಲಿ ಗೆದ್ವಿ. ವಾರ್ಡನ್ ಸರ್ ಪೈಜಾಮದಲ್ಲೇ ಬಂದು ಬೈಯೋಕೆ ಬಾಯಿ ತೆಗೆದವರು ಸ್ಕೋರ್ ಕೇಳ್ಕೊಂಡು ಹೋದ್ರು. ಮಾರನೇ ದಿನ ಮಧ್ಯಾಹ್ನ ಎದ್ದು ಮ್ಯಾಥ್ಸ್ ಹಿಡಿದಿದ್ದು, ಮಾರ್ಕ್ಸ್ ಕೇಳ್ಬೇಡಿ.

ಆದ್ರೂ ಆ ಸೆಮ್ 7.8 ಬಂತು, ನನಗೇ ಆಶ್ಚರ್ಯ. ಮೆಸ್ಸಲ್ಲಿ ಎಂಟೂವರೆಗೆ ಉದ್ದದ ಟೇಬಲಲ್ಲಿ ಎದುರುಬದುರು ಕೂತು ತಿನ್ನಬೇಕು, ತಟ್ಟೆ ರೂಮಿಗೆ ಒಯ್ಯೋ ಹಾಗಿಲ್ಲ, ಆ ಅರ್ಧ ಗಂಟೇಲಿ ನಾಳೆ ಏನಿದೆ, ಯಾರು ಏನು ಮುಗಿಸಿದಾರೆ ಎಲ್ಲ ಗೊತ್ತಾಗೋದು. ಎಕ್ಸಾಮ್ ಹತ್ರ ಬಂದಾಗ ಹನ್ನೊಂದಕ್ಕೆ ಓದೋಕೆ ಶುರು ಮಾಡಿ ಎರಡಕ್ಕೆ ಹೊರಗಿನ ಗಾಡೀಲಿ ಟೀ. ಒಬ್ಬನೇ ಆಗಿದ್ರೆ ನಾನು ಹತ್ತೂವರೆಗೆ ಬಿದ್ಕೊಳ್ತಿದ್ದೆ.

ಸೆಕೆಂಡ್ ಇಯರ್‌ಗೆ ಅಪ್ಪ ಕೈಯೆತ್ತಿದ್ರು. ಹಾಸ್ಟೆಲ್ ವರ್ಷಕ್ಕೆ 1,15,000, ಕೊಬ್ಬರಿ ರೇಟ್ ನೋಡ್ಕೊಂಡು ಫೀಸ್ ಕಟ್ಟೋ ಮನೆ ನಮ್ದು. ನಮ್ಮ ಸಮುದಾಯದವರು ನಡೆಸೋ ಸಮಾಜದ ಹಾಸ್ಟೆಲಿಗೆ ಅರ್ಜಿ ಹಾಕಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಜೊತೆ ಊರಿನ ಹಿರಿಯರೊಬ್ಬರ ಲೆಟರ್ ಕೊಟ್ಟು ಸೇರಿದೆ. ಊಟ ಸೇರಿ ವರ್ಷಕ್ಕೆ 34,000! ಐದೂವರೆಗೆ ಬೆಲ್ಲು, ಪ್ರಾರ್ಥನೆ, ಸಂಜೆ ಏಳರಿಂದ ಎಂಟೂವರೆ ಹಾಲಲ್ಲಿ ಕೂತು ಓದ್ಲೇಬೇಕು, ಆಮೇಲೆ ಸಾಲಾಗಿ ಕೆಳಗೆ ಕೂತು ಮುದ್ದೆ ಸೊಪ್ಪಿನ ಸಾರು, ಹತ್ತೂವರೆಗೆ ಲೈಟ್ ಆಫ್. ಊಟ ಮೂರರಲ್ಲೂ ಇದೇ ಫಸ್ಟು, ನಮ್ಮಮ್ಮನ ಸಾರಿಗೆ ತೀರಾ ಹತ್ರ. 8.2 ತೆಗೆದೆ, ಅದ್ರಲ್ಲಿ ಅರ್ಧ ಆ ಬೆಲ್ಲಿಂದೇ ಅನ್ನಿ.

ಆದ್ರೆ ಕಾಲೇಜಿಗೆ ಒಂಬತ್ತು ಕಿಲೋಮೀಟರ್. ಮೊದಲು ಮೆಟ್ರೋಲಿ ಹೋಗ್ತಿದ್ದೆ, 2025ರ ಫೆಬ್ರವರೀಲಿ ರೇಟ್ ಏರಿಸಿದ್ಮೇಲೆ ಬಿಎಂಟಿಸಿ ಪಾಸೇ ಗತಿ. ರೊಬೊಟಿಕ್ಸ್ ಕ್ಲಬ್ ಮೀಟಿಂಗ್ ಐದೂವರೆಗೆ ಶುರುವಾಗೋದು, ಏಳಕ್ಕೆ ಹಾಲಲ್ಲಿ ಇರಬೇಕು ಅಂತ ನಾನು ಆರಕ್ಕೇ ಬ್ಯಾಗ್ ಎತ್ತೋದು, ಮೂರು ತಿಂಗಳಾದ್ಮೇಲೆ ಅವರು ನನ್ನನ್ನ ಕರೆಯೋದೇ ಬಿಟ್ರು. ನನಗೆ ಆಗಲೇ ಹಾಸ್ಟೆಲ್ ಗೆಳೆಯರಿದ್ರು, ನಡೀತು. ಫಸ್ಟ್ ಇಯರಲ್ಲೇ ಇಲ್ಲಿಗೆ ಬಂದ ಹುಡುಗ್ರನ್ನ ನೋಡಿದೀನಿ, ಹಾಸ್ಟೆಲಲ್ಲಿ ಲಾ ಓದೋನು, ಬಿಕಾಂ ಓದೋನು ಅಂತ ಜೀವದ ಗೆಳೆಯರು ಸಿಗ್ತಾರೆ, ಎಲ್ರೂ ಹೆಚ್ಚುಕಮ್ಮಿ ನಮ್ಮ ಕಡೆಯೋರೇ, ಕ್ಲಾಸಲ್ಲಿ ಮಾತ್ರ ವರ್ಷವಿಡೀ ಹೊಸಬರ ಥರ ಇರ್ತಾರೆ.

ಹಾಗಾಗಿ ನನ್ನ ಲೆಕ್ಕದಲ್ಲಿ ದುಡ್ಡು ಹೊಂದಿಸೋಕಾದ್ರೆ ಮೊದಲನೇ ವರ್ಷ ಕಾಲೇಜ್ ಹಾಸ್ಟೆಲ್, ಎರಡನೇ ವರ್ಷದಿಂದ ಸಮಾಜದ್ದು. ಹೊಂದಿಸೋಕಾಗ್ದಿದ್ರೆ ಮೊದಲೇ ಸಮಾಜದ್ದು ಅಥವಾ ಸರ್ಕಾರದ ಬಿಸಿಎಂ ಹಾಸ್ಟೆಲ್. ಹಿಂದುಳಿದ ವರ್ಗದವರಿಗೆ ಅಲ್ಲಿ ಸೀಟ್ ಸಿಗದಿದ್ರೂ ವಿದ್ಯಾಸಿರಿ ಅಂತ ಹತ್ತು ತಿಂಗಳು ದುಡ್ಡು ಬರತ್ತೆ, ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಎಸ್‌ಎಸ್‌ಪಿ ಪೋರ್ಟಲಲ್ಲಿ ಅರ್ಜಿ. ಪಿಜಿ ಕೊನೆಗೆ, ಅದೂ ಬರೀ ಸ್ಟೂಡೆಂಟ್ಸ್ ಇರೋದಾದ್ರೆ. ಪಿಜಿಯವರು ಬಾಡಿಗೆ ಮೇಲೆ ಜಿಎಸ್‌ಟಿ ಅಂತ ಶುರು ಮಾಡಿದ್ರೆ ಒಪ್ಕೋಬೇಡಿ, ತಿಂಗಳಿಗೆ 20,000ದೊಳಗಿದ್ದು ಮೂರು ತಿಂಗಳಾದ್ರೂ ಇರೋರಿಗೆ ಇಲ್ಲ ಅಂತ 2024ರ ಜೂನ್ ಕೌನ್ಸಿಲ್ ಮೀಟಿಂಗಲ್ಲೇ ಆಗಿದೆ.

ಹುಡುಗೀರ ಕಥೆ ಬೇರೆ. ಚಿಕ್ಕಪ್ಪನ ಮಗಳು ಇರೋ ಹಾಸ್ಟೆಲಲ್ಲಿ ಗೇಟ್ ಏಳಕ್ಕೆ ಹಾಕ್ತಾರೆ, ಕಾಲೇಜ್ ಲೈಬ್ರರಿ ಎಂಟರವರೆಗೆ ತೆಗೆದಿರತ್ತೆ. ಆ ಒಂದು ಗಂಟೆ ಹುಡುಗ್ರಿಗೆ ಮಾತ್ರ. ಇದಕ್ಕೆ ನನ್ನ ಹತ್ರ ಉಪಾಯ ಇಲ್ಲ, ಗೇಟ್ ಟೈಮ್ ಮೊದಲೇ ಕೇಳಿ ಅಷ್ಟೇ.

ತಮ್ಮಂಗೆ ಇಷ್ಟೇ ಹೇಳಿ ಕಳಿಸ್ದೆ: ಬೆಳಗ್ಗೆ ಹೋಗಿ ರೂಮ್ ನೋಡ್ಬೇಡ, ರಾತ್ರಿ ಎಂಟೂವರೆಗೆ ಹೋಗಿ ಹುಡುಗ್ರು ಹೇಗೆ ಊಟ ಮಾಡ್ತಾರೆ ನೋಡು, ಆಮೇಲೆ ಮಂಚದ ಪಕ್ಕ ಪ್ಲಗ್ ಇದ್ಯಾ ನೋಡು, ಟಿವಿ ಹಾಲ್ ಮೇಲಿಂದು ಬೇಡ, ಬಾತ್‌ರೂಮ್ ಪಕ್ಕದ್ದಂತೂ ಬೇಡವೇ ಬೇಡ, ಐದು ಗಂಟೆಗೇ ಬಕೆಟ್ ಸದ್ದು. ಹೋದ, ಅಲ್ಲೇ ಊಟ ಮಾಡ್ದ, ಮೆಸ್ ಅಣ್ಣನ ಹತ್ರ ಮಾತಾಡ್ದ, ಅಪ್ಪನ ಹತ್ರ ಫೀಸೂ ಕಟ್ಟಿಸ್ದ. ರಾತ್ರಿ ಫೋನ್ ಮಾಡಿದ್ದ.

‘ಅಣ್ಣ, ತ್ರೀ ಶೇರಿಂಗ್ ಸಿಕ್ತು.’

‘ಯಾವ್ ರೂಮೋ?’

‘ಬಾತ್‌ರೂಮ್ ಪಕ್ಕದ್ದು.’