ಮೈಟೊಕಾಂಡ್ರಿಯಾ ಪೂರ್ಣ ಅನುಕ್ರಮ ಪರೀಕ್ಷೆ: ನಕ್ಷೆ ಬಿಡಿ, ಫಾಸ್ಟಾ ಕಡತ ಹಿಡಿಯಿರಿ

ತಾಯಿಯ ಕಡೆಯ ಪ್ರಾಚೀನ ವಂಶ ತಿಳಿಯಬೇಕೆನ್ನುವ ನಮ್ಮ ಭಾಗದವರು ದುಡ್ಡು ಹಾಕಬಹುದಾದ ಡಿಎನ್‌ಎ ಪರೀಕ್ಷೆ ಒಂದೇ: ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ, ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್‌ಎಯ 16,569 ಅಕ್ಷರಗಳನ್ನೂ ಓದುವ ಪೂರ್ಣ ಅನುಕ್ರಮ ಪರೀಕ್ಷೆ. ಆದರೆ ಕೊಟ್ಟ ದುಡ್ಡಿನ ಬೆಲೆ ಕಂಪನಿ ಕಳಿಸುವ ಬಣ್ಣದ ವರದಿಯಲ್ಲಿ ಇರುವುದಿಲ್ಲ. ಡೌನ್‌ಲೋಡ್ ಪುಟದಲ್ಲಿ ಸಿಗುವ ಫಾಸ್ಟಾ ಕಡತದಲ್ಲಿ, ಅಂದರೆ ಆ ಅಕ್ಷರಗಳನ್ನೆಲ್ಲ ಸಾಲಾಗಿ ಬರೆದ ಕಡತದಲ್ಲಿ, ಇರುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೂ ಈ ಅಭಿಪ್ರಾಯ ಬದಲಾಗಿಲ್ಲ.

ಸಿಟ್ಟು ತರಿಸುವುದು ವರದಿಯಲ್ಲಿರುವ ವಲಸೆಯ ನಕ್ಷೆ. ಆಫ್ರಿಕಾದಿಂದ ಹೊರಟ ಒಂದು ಬಾಣ ಅರೇಬಿಯಾ ದಾಟಿ ಭಾರತದ ಕರಾವಳಿಗೆ ಬಂದು ನಿಲ್ಲುತ್ತದೆ. ಕೆಳಗೆ ‘ಎಂ’ ಹ್ಯಾಪ್ಲೊಗ್ರೂಪ್ (ಒಬ್ಬಳೇ ಪೂರ್ವಜೆಯಿಂದ ಬಂದ ವಂಶಗಳ ಗುಂಪು) ಬಗ್ಗೆ ಒಂದು ಪ್ಯಾರಾ. ಭಾರತದ ಅರ್ಧಕ್ಕಿಂತ ಹೆಚ್ಚು ಜನರ ತಾಯಿವಂಶ ಈ ಎಂ ಗುಂಪಿಗೇ ಸೇರುತ್ತದೆ. ಅದರ ಕವಲುಗಳಾದ ಎಂ2, ಎಂ3, ಎಂ5, ಎಂ6, ಎಂ30 ಎಲ್ಲರಿಗೂ ಅದೇ ಬಾಣ, ಅದೇ ಪ್ಯಾರಾ. ಬಾಣ ನಿಂತ ಮೇಲೆ ಈ ನೆಲದಲ್ಲಿ ನಡೆದ ಸುಮಾರು 50,000 ವರ್ಷಗಳ ಕವಲೊಡೆಯುವಿಕೆಯ ಬಗ್ಗೆ ಒಂದು ಸಾಲೂ ಇಲ್ಲ. ಎಂ ಬುಡದಿಂದ ಹತ್ತಾರು ಕವಲುಗಳು ನೇರವಾಗಿ ಒಡೆದಿವೆ. ಜನ ಕಡಿಮೆ ಕಾಲದಲ್ಲಿ ಬೇಗ ಬೇಗ ಹರಡಿದರೆ ಮರಕ್ಕೆ ಇಂಥ ಆಕಾರ ಬರುತ್ತದೆ. ಹೇಳಬೇಕಾದ್ದು ಇದನ್ನು. ಅದರ ಬದಲು, ಎಂ2 ಹಳೆಯದು ಎಂ30 ಹೊಸದು ಎನ್ನುವ ತಪ್ಪು ಕಲ್ಪನೆ ಓದುಗರ ತಲೆಯಲ್ಲಿ ಉಳಿಯುತ್ತದೆ. ಈ ಅಂಕಿಗಳು ಗುಂಪಿಗೆ ಹೆಸರಿಟ್ಟ ಕ್ರಮ ಮಾತ್ರ, ವಯಸ್ಸಲ್ಲ.

ಅಗ್ಗದ ಪರೀಕ್ಷೆಯ ಆಸೆಗೆ ಬೀಳಬೇಡಿ. ಅದು ಓದುವುದು ಎಚ್‌ವಿಆರ್1 ಎಂಬ ಒಂದು ತುಣುಕನ್ನು, ಸುಮಾರು 16024ನೇ ಅಕ್ಷರದಿಂದ 16383ರವರೆಗೆ. ಎಂ ಗುಂಪಿನ ಗುರುತುಗಳಿರುವುದು 489, 10400, 14783, 15043ರಲ್ಲಿ. ಒಂದೂ ಆ ತುಣುಕಿನೊಳಗೆ ಬರುವುದಿಲ್ಲ. 16223 ಮತ್ತು 16319ರಲ್ಲಿ ಬದಲಾವಣೆ ಕಂಡಿತು ಅನ್ನಿ. ದಕ್ಷಿಣ ಭಾರತದಲ್ಲಿ ಅದು ಎಂ2 ಇರಬಹುದು. ಆದರೆ ಅದೇ ಜೋಡಿ ಪೂರ್ವ ಏಷ್ಯಾದ ಎಂ8ಎ ಗುಂಪಿನಲ್ಲೂ ಇದೆ, ಎಂಗೆ ಸಂಬಂಧವೇ ಇಲ್ಲದ ‘ಎ’ ಗುಂಪಿನಲ್ಲೂ ಇದೆ. ಎಂ2 ಎಂದು ಖಚಿತವಾಗಬೇಕಾದರೆ 1780, 11083, 15670 ಕಾಣಬೇಕು. ಅದಕ್ಕೆ ಪೂರ್ಣ ಅನುಕ್ರಮವೇ ಬೇಕು.

ಮಾದರಿ ಕೊಡುವುದು ಸುಲಭ. ಅರ್ಧ ಗಂಟೆ ಮೊದಲಿನಿಂದ ಊಟ, ಕಾಫಿ, ಎಲೆಅಡಿಕೆ ಏನೂ ಬೇಡ. ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು ಕೆನ್ನೆಯ ಒಳಭಾಗ ಚೆನ್ನಾಗಿ ಉಜ್ಜಿದರೆ ಸಾಕು.

ಕಡತ ಕೈಗೆ ಬಂದ ಮೇಲೆ ಈ ಪರೀಕ್ಷೆಯ ಮೇಲೆ ಪ್ರೀತಿ ಹುಟ್ಟುತ್ತದೆ. ಮಾದರಿ ಅನುಕ್ರಮಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸಗಳ ಪಟ್ಟಿಯನ್ನು ಕಾಗದದ ಮೇಲೆ ಉದ್ದಕ್ಕೆ ಬರೆದುಕೊಳ್ಳಿ. ಮೊದಲು 263, 750, 1438, 4769, 8860, 15326 ಈ ಆರನ್ನು ಹೊಡೆದು ಹಾಕಿ. ಇವು ಹೆಚ್ಚುಕಡಿಮೆ ಎಲ್ಲರಲ್ಲೂ ಬರುತ್ತವೆ. ಕಾರಣ, ಹೋಲಿಕೆಗೆ ಇಟ್ಟುಕೊಂಡಿರುವ ಕೇಂಬ್ರಿಜ್ ಮಾದರಿ (1981ರದ್ದು, 1999ರಲ್ಲಿ ತಿದ್ದಿದ್ದು) ಯುರೋಪಿನ ಎಚ್2 ಕವಲಿನ ವ್ಯಕ್ತಿಯದು. ಅಪರೂಪದ ಅಕ್ಷರಗಳಿರುವುದು ಆ ಮಾದರಿಯಲ್ಲೇ. 309 ಮತ್ತು 315ರ ಪಕ್ಕದಲ್ಲಿ ಸೇರಿರುವ ಹೆಚ್ಚುವರಿ ‘ಸಿ’ಗಳನ್ನೂ 16519ನ್ನೂ ಪಕ್ಕಕ್ಕಿಡಿ, ಅವು ಪದೇ ಪದೇ ಬದಲಾಗುವ ಜಾಗಗಳು. 3107ರಲ್ಲಿ ಒಂದು ಅಕ್ಷರ ಕಡಿಮೆ ಎಂದು ತೋರಿಸಿದರೆ ಗಾಬರಿ ಬೇಡ. ಹಳೆಯ ಅಂಕಿಗಳು ಕದಲಬಾರದೆಂದು ಮಾದರಿಯಲ್ಲಿ ಅಲ್ಲಿ ಖಾಲಿ ಜಾಗ ಬಿಟ್ಟಿದ್ದಾರೆ.

ಉಳಿದವುಗಳಲ್ಲಿ 8701, 9540, 10398, 10873 ಒಟ್ಟಿಗೆ ಇದ್ದರೆ ನೀವು ‘ಎನ್’ ಎಂಬ ಇನ್ನೊಂದು ದೊಡ್ಡ ಕವಲಿನ ಹೊರಗೆ. ಜೊತೆಗೆ 489, 10400, 14783, 15043 ಸಿಕ್ಕರೆ ಎಂ ಬುಡ ತಲುಪಿದಿರಿ. ಅಲ್ಲಿಂದ ಫೈಲೊಟ್ರೀ ಎಂಬ ಮೈಟೊಕಾಂಡ್ರಿಯಾ ವಂಶಗಳ ಮರದಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದರೆ ಕೊನೆಯಲ್ಲಿ ಯಾವ ಕವಲಿಗೂ ಸೇರದ ನಾಲ್ಕಾರು ಅಂಕಿ ಕೈಯಲ್ಲಿ ಉಳಿಯುತ್ತವೆ. ನಿಮ್ಮ ವಂಶದ ಸ್ವಂತ ಆಸ್ತಿ ಅವೇ.

ಕೈಯಾರೆ ಮಾಡಿದ ಮೇಲೆ ಗುಂಪು ಗುರುತಿಸುವ ಹ್ಯಾಪ್ಲೊಗ್ರೆಪ್ ಎಂಬ ಉಚಿತ ತಂತ್ರಾಂಶದಲ್ಲಿ ಕಡತ ಹಾಕಿ ತಾಳೆ ನೋಡಿ. ಅದು ಕೊಡುವ ಹೊಂದಿಕೆಯ ಗುಣಾಂಕ 0.9ಕ್ಕಿಂತ ಮೇಲಿದ್ದರೆ ಹಸಿರು, 0.8ಕ್ಕಿಂತ ಕೆಳಗಿದ್ದರೆ ಕೆಂಪು. ಗುಣಾಂಕಕ್ಕಿಂತ ಮುಖ್ಯ, ‘ಇರಬೇಕಿತ್ತು, ಕಾಣಲಿಲ್ಲ’ ಎನ್ನುವ ಪಟ್ಟಿ. ಅದು ಉದ್ದವಾಗಿದ್ದರೆ ಸಾಮಾನ್ಯವಾಗಿ ಕಡತದಲ್ಲೇ ದೋಷ. ಹಳೆಯ ಕಡತಗಳಲ್ಲಿ ಕೆಲವನ್ನು 16,571 ಅಕ್ಷರಗಳ ಆಫ್ರಿಕಾದ ಮಾದರಿಗೆ ಹೋಲಿಸಿರುತ್ತಾರೆ. ಆಗ ಬಹುಪಾಲು ಅಂಕಿಗಳು ಒಂದೆರಡು ಸ್ಥಾನ ಸರಿಯುತ್ತವೆ. 16189ರಲ್ಲಿ ‘ಟಿ’ ಹೋಗಿ ‘ಸಿ’ ಬಂದಿದ್ದರೆ ಸಾಲುಸಾಲು ಸಿ ಅಕ್ಷರಗಳಾಗಿ, ಹಳೆಯ ವಿಧಾನದ ಯಂತ್ರ ಮುಂದಿನ ಭಾಗವನ್ನು ಕಲಸಿ ಓದುತ್ತದೆ. ಮರದಲ್ಲಿ ಎಲ್ಲೂ ಇಲ್ಲದ ಬದಲಾವಣೆಗಳು ಗುಂಪಾಗಿ ಬಂದರೆ, ಕೋಶಕೇಂದ್ರದ ಡಿಎನ್‌ಎಯಲ್ಲಿ ಸೇರಿಕೊಂಡಿರುವ ಮೈಟೊಕಾಂಡ್ರಿಯಾ ತುಣುಕುಗಳನ್ನು ಓದಿರುವ ಸಾಧ್ಯತೆ ಇದೆ. ಫೈಲೊಟ್ರೀ ಮರದ ಕೊನೆಯ ಆವೃತ್ತಿ 17, 2016ರ ಫೆಬ್ರವರಿಯದು. ಆಮೇಲೆ ಗುರುತಿಸಿದ ಭಾರತೀಯ ಕವಲುಗಳು ಅದರಲ್ಲಿಲ್ಲ. ಆದ್ದರಿಂದ ಹೊಸ ಮರ ಬಂದಾಗಲೆಲ್ಲ ಅದೇ ಕಡತವನ್ನು ಮತ್ತೆ ಹಾಕಿ ನೋಡಬೇಕು.

ಇಷ್ಟು ಕಷ್ಟಪಟ್ಟರೆ ಏನು ಕಾಣುತ್ತದೆ? 2009ರಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯವರು 26 ಬುಡಕಟ್ಟುಗಳ 966 ಜನರ ಪೂರ್ಣ ಅನುಕ್ರಮ ಓದಿದರು. ಅವರಲ್ಲಿ ಏಳು ಜನರಲ್ಲಿ 8251 ಮತ್ತು 9156, ಎರಡೇ ಎರಡು ಅಕ್ಷರಗಳು, ಆಸ್ಟ್ರೇಲಿಯಾದ ಮೂಲನಿವಾಸಿಗಳ ಎಂ42 ಗುಂಪಿನೊಂದಿಗೆ ಕೂಡಿಬಂದವು. ಈ ಎರಡೂ ಅಗ್ಗದ ಪರೀಕ್ಷೆ ಮುಟ್ಟದ ಜಾಗದಲ್ಲಿವೆ. ಯು2 ಗುಂಪಿನದೂ ಇಂಥದೇ ಸೊಗಸು. ಯು2ಇ ಪಶ್ಚಿಮಕ್ಕೆ ಸೇರಿದ್ದು. ಯು2ಎ, ಯು2ಬಿ, ಯು2ಸಿ ಭಾರತದವು. ರಷ್ಯಾದ ಕೊಸ್ಟೆಂಕಿಯಲ್ಲಿ ಸಿಕ್ಕ, ಸುಮಾರು 37,000 ವರ್ಷ ಹಿಂದಿನ ಮನುಷ್ಯನದೂ ಯು2. 2019ರಲ್ಲಿ ವಿವರ ಪ್ರಕಟವಾದ, ಸಿಂಧೂ ನಾಗರಿಕತೆಯ ತಾಣ ರಾಖಿಗಢಿಯ ಹೆಂಗಸಿನದು ಯು2ಬಿ2. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಕೊರಗರಲ್ಲಿ ಯು1 ವಂಶ ಗುರುತಿಸಿ, ಅದನ್ನು ಅವರ ಭಾಷೆಗೂ ಉತ್ತರ ದ್ರಾವಿಡ ಭಾಷೆಗಳಿಗೂ ಇರುವ ನಂಟಿನ ಜೊತೆ ಇಟ್ಟು ನೋಡಿದ್ದಾರೆ. ವರದಿಯ ನಕ್ಷೆಯಲ್ಲಿ ಇವೆಲ್ಲ ಇರಬೇಕಿತ್ತು.

ಕಾಲದ ಲೆಕ್ಕದಲ್ಲಿ ಮಾತ್ರ ಅತಿಯಾಸೆ ಬೇಡ. 2009ರ ಒಂದು ಪ್ರಸಿದ್ಧ ಲೆಕ್ಕಾಚಾರದಂತೆ ಇಡೀ ಮೈಟೊಕಾಂಡ್ರಿಯಾದಲ್ಲಿ ಸರಾಸರಿ 3,600 ಚಿಲ್ಲರೆ ವರ್ಷಕ್ಕೆ ಒಂದು ಬದಲಾವಣೆ. ಹಾಗಾಗಿ ಒಬ್ಬರ ಅನುಕ್ರಮ ನಿಮ್ಮದಕ್ಕೆ ಅಕ್ಷರಶಃ ಹೊಂದಿದರೂ ಹತ್ತಿರದ ನೆಂಟರೆಂದು ತಿಳಿಯಬೇಡಿ. ನಿಮ್ಮಿಬ್ಬರ ಸಮಾನ ಅಜ್ಜಿ ಸಾವಿರ ವರ್ಷ ಹಿಂದೆಯೂ ಇದ್ದಿರಬಹುದು.

ಕಿಟ್ ಕೊಳ್ಳುವ ಮೊದಲು ವಂಶವೃಕ್ಷ ಬರೆದುಕೊಂಡರೆ ದುಡ್ಡು ಉಳಿಯುತ್ತದೆ. ಅಣ್ಣ, ತಂಗಿ, ಅಮ್ಮ, ಸೋದರಮಾವ ಎಲ್ಲರದೂ ಒಂದೇ ಫಲಿತಾಂಶ, ಒಬ್ಬರು ಸಾಕು. ಅಪ್ಪನ ತಾಯಿವಂಶ ಬೇಕಿದ್ದರೆ ಅಪ್ಪ ಅಥವಾ ಸೋದರತ್ತೆ ಕೊಡಬೇಕು. ಆದರೆ ಅಪ್ಪ ತನ್ನ ಒಡಹುಟ್ಟಿದ ಅಕ್ಕನ ಮಗಳನ್ನೇ ಮದುವೆಯಾಗಿದ್ದರೆ ಅಪ್ಪ ಅಮ್ಮ ಇಬ್ಬರದೂ ಒಂದೇ ತಾಯಿವಂಶ, ಎರಡನೇ ಕಿಟ್ ದಂಡ. ಸೋದರಮಾವನ ಮಗಳ ಜೊತೆಗಿನ ಮದುವೆಗೆ ಈ ಮಾತು ಅನ್ವಯಿಸುವುದಿಲ್ಲ. ಅವಳಿಗೆ ಬರುವುದು ಅತ್ತೆಯ ವಂಶ. ತುಳುನಾಡಿನ ಅಳಿಯಸಂತಾನದ ಬಳಿಗಳಿಗೆ (ತಾಯಿ ಕಡೆಯ ಕುಲಗಳಿಗೆ) ಈ ಪರೀಕ್ಷೆ ಹೇಳಿ ಮಾಡಿಸಿದಂತಿದೆ. ಬಳಿ ತಾಯಿಯಿಂದಲೇ ಬರುವುದರಿಂದ, ಒಂದೇ ಬಳಿಯ ಎರಡು ದೂರದ ಮನೆಗಳಿಂದ ಒಬ್ಬೊಬ್ಬರು ಕೊಟ್ಟರೆ ಮೂಲ ಒಬ್ಬಳೇ ಹೆಂಗಸೋ ಅಲ್ಲವೋ ಎಂದು ತಿಳಿಯುತ್ತದೆ. ನಡುವೆ ದತ್ತು ನಡೆದಿದ್ದರೂ ವ್ಯತ್ಯಾಸ ಬರುತ್ತದೆ ಎನ್ನುವುದು ನೆನಪಿರಲಿ.

ಫಾಸ್ಟಾ ಕೊಡುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿ. ಕೊಡದ ಕಡೆ ಕೊಳ್ಳಬೇಡಿ. ಕಡತವನ್ನು ಸಾರ್ವಜನಿಕ ಸಂಗ್ರಹಕ್ಕೆ ಹಾಕುವ ಮುಂಚೆ 1555, 3243, 3460, 11778, 14484 ಈ ಸ್ಥಾನಗಳನ್ನು ನೋಡಿ. 11778ರ ಬದಲಾವಣೆ ದೃಷ್ಟಿನರದ ಕಾಯಿಲೆಗೆ ಸಂಬಂಧಿಸಿದ್ದು. 1555ರಲ್ಲಿ ‘ಎ’ ಬದಲು ‘ಜಿ’ ಇರುವವರಿಗೆ ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂಥ ಔಷಧಿಗಳಿಂದ ಕಿವಿ ಕೇಳಿಸದೆ ಹೋಗುವ ಅಪಾಯ ಹೆಚ್ಚು. ಅಂಥದ್ದು ಕಂಡರೆ ವೈದ್ಯರಿಂದ ಖಚಿತಪಡಿಸಿಕೊಂಡು ಅಮ್ಮ, ಅಕ್ಕತಂಗಿಯರು, ಅವರ ಮಕ್ಕಳು, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ತಿಳಿಸಿ. ಇದೇ ಡಿಎನ್‌ಎ ಅವರಲ್ಲೂ ಇದೆ, ಹಾಗಾಗಿ ಕಡತ ಹಂಚುವ ಮೊದಲು ಅವರ ಒಪ್ಪಿಗೆಯೂ ಬೇಕು.